ಕೂತಲ್ಲೇ ಕೂತು ಎಂಟು ಲಕ್ಷ ವರ್ಷ

1895ರ ಅಕ್ಟೋಬರ್‌ನಲ್ಲಿ ರಾಬರ್ಟ್ ಪಾಲ್ ಎಂಬ ಲಂಡನ್ನಿನ ತರುಣ ಪೇಟೆಂಟ್ ಕಚೇರಿಗೆ ಒಂದು ಅರ್ಜಿ ಹಾಕಿದ. ಹ್ಯಾಟನ್ ಗಾರ್ಡನ್‌ನಲ್ಲಿ ಅವನದೊಂದು ಕಾರ್ಯಾಗಾರವಿತ್ತು. ವಿದ್ಯುತ್ ಉಪಕರಣಗಳನ್ನು ತಯಾರಿಸುವುದು ಅವನ ಕಸುಬು. ಆಗ ಅವನಿಗೆ 26 ವರ್ಷ. ಕಿಂಡಿಗೆ ಕಣ್ಣಿಟ್ಟು ಒಬ್ಬೊಬ್ಬರಾಗಿ ಚಲಿಸುವ ಚಿತ್ರ ನೋಡುವ ಎಡಿಸನ್ನನ ಪೆಟ್ಟಿಗೆ ಕಿನೆಟೊಸ್ಕೋಪ್‌ಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಇರಲಿಲ್ಲ. ಹಾಗಾಗಿ ಪಾಲ್ ಅದರ ಪ್ರತಿಗಳನ್ನು ಮಾಡಿ ಮಾರುತ್ತಿದ್ದ. ಈ ಅರ್ಜಿಯಲ್ಲಿ ಅವನು ಹಕ್ಕು ಕೇಳಿದ್ದು ಹೊಸ ಬಗೆಯ ಒಂದು ಮನರಂಜನೆಗೆ. ಜನರನ್ನು ಕಾಲದೊಳಗೆ ಪ್ರಯಾಣ ಮಾಡಿಸುವ ಮನರಂಜನೆ ಅದು.

ಅವನು ಬಣ್ಣಿಸಿದ ಏರ್ಪಾಡು ಹೀಗಿತ್ತು. ಒಂದು ವೇದಿಕೆ, ಅದರ ಮೇಲೆ ಆಸನಗಳು. ಜನ ಕೂತ ಮೇಲೆ ಬದಿಗಳನ್ನು ಮುಚ್ಚಿ, ಎದುರಿನ ಪರದೆ ಕಾಣುವಷ್ಟು ಜಾಗ ಮಾತ್ರ ತೆರೆದಿಡುವುದು. ಕ್ರ್ಯಾಂಕ್‌ಗಳಿಂದ ವೇದಿಕೆಯನ್ನು ಮೆಲ್ಲಗೆ ಓಲಾಡಿಸುವುದು, ಸಾಗುತ್ತಿರುವ ಭಾಸ ಬರುವಂತೆ ಜನರ ಮೇಲೆ ಗಾಳಿ ಹಾಯಿಸುವುದು. ಪರದೆಯ ಮೇಲೆ ಲ್ಯಾಂಟರ್ನ್ ಸ್ಲೈಡುಗಳೂ ಚಲಿಸುವ ಚಿತ್ರಗಳೂ ಒಂದರೊಳಗೊಂದು ಕರಗುತ್ತ, ಹಿಗ್ಗುತ್ತ, ಕುಗ್ಗುತ್ತ ಒಂದೊಂದು ಯುಗವನ್ನು ತೋರಿಸುವುದು. ನಡುವೆ ಬೇಕಾದರೆ ಜನರನ್ನು ಇಳಿಸಿ, ಆ ಯುಗದಂತೆ ಕಟ್ಟಿದ ಅಂಗಳದಲ್ಲಿ ಅಡ್ಡಾಡಿಸಬಹುದು. ವಾಪಸು ಬರುವಾಗ ಯಂತ್ರ ಆಕಸ್ಮಿಕವಾಗಿ ವರ್ತಮಾನವನ್ನು ದಾಟಿ ಹಿಂದಿನ ಕಾಲದಲ್ಲಿ ಹೋಗಿ ನಿಂತ ಹಾಗೆ ಮಾಡಬಹುದು. ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು ಆ ವರ್ಷದ ಡಿಸೆಂಬರ್ ಕೊನೆಗೆ. ಅದಕ್ಕೆ ಎರಡು ತಿಂಗಳು ಮೊದಲೇ ಪಾಲ್ ಇವತ್ತಿನ ಸಿಮ್ಯುಲೇಟರ್ ರೈಡನ್ನು ಕಾಗದದ ಮೇಲೆ ಹೆಚ್ಚುಕಡಿಮೆ ಪೂರ್ತಿಯಾಗಿ ಕಂಡಿದ್ದ. ಅದನ್ನು ಯಾರೂ ಕಟ್ಟಲಿಲ್ಲ.

ಪಾಲ್‌ನ ಕಲ್ಪನೆಗೆ ಕಿಡಿ ಹಚ್ಚಿದ್ದು ಅದೇ ವರ್ಷ ಪುಸ್ತಕವಾಗಿ ಬಂದಿದ್ದ ಎಚ್.ಜಿ. ವೆಲ್ಸ್‌ನ ಮೊದಲ ಕಾದಂಬರಿ ‘ದಿ ಟೈಮ್ ಮಷೀನ್’. ಬ್ರಿಟಿಷ್ ಸಾಹಿತ್ಯದಿಂದ ಒಂದೇ ಒಂದು ರೈಡ್ ಆಗಬೇಕು, ಯಾವುದು ಎಂದು ಕೇಳಿದರೆ ಇವತ್ತಿಗೂ ನನ್ನ ಆಯ್ಕೆ ಆ ಪುಸ್ತಕವೇ. ಥೀಮ್ ಪಾರ್ಕುಗಳು ಬ್ರಿಟಿಷ್ ಪುಸ್ತಕಗಳನ್ನು ಬಳಸಿಕೊಂಡಷ್ಟು ಬೇರೆ ಯಾವ ಸಾಹಿತ್ಯವನ್ನೂ ಬಳಸಿಕೊಂಡಂತೆ ನನಗೆ ಕಾಣುವುದಿಲ್ಲ. ಆದರೂ ಈ ಪುಸ್ತಕ ಏಕೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಅಲ್ಲಿದ್ದ ರೈಡುಗಳಲ್ಲಿ ಮೂರು ಬ್ರಿಟಿಷ್ ಪುಸ್ತಕಗಳಿಂದ ಎದ್ದು ಬಂದವು. ಜೆ.ಎಂ. ಬ್ಯಾರಿಯ ಪೀಟರ್ ಪ್ಯಾನ್‌ನದು ಒಂದು. ಕೆನೆತ್ ಗ್ರಹಾಂ 1908ರಲ್ಲಿ ಬರೆದ ‘ದಿ ವಿಂಡ್ ಇನ್ ದಿ ವಿಲೋಸ್’ನ ಕಪ್ಪೆರಾಯ, ಅಂದರೆ ಮಿಸ್ಟರ್ ಟೋಡ್‌ನದು ಇನ್ನೊಂದು. ಲೂಯಿಸ್ ಕ್ಯಾರಲ್‌ನ ಆಲಿಸ್ ಕಥೆಯಿಂದ ಬಂದ, ಗಿರಗಿರ ತಿರುಗುವ ಟೀ ಕಪ್ಪುಗಳು ಮೂರನೆಯದು. ಎಲ್ಲವೂ ಡಿಸ್ನಿಯ ಕಾರ್ಟೂನ್ ಚಿತ್ರಗಳನ್ನು ಹಾದು ಬಂದವೇ. ಆದರೂ ಮೊದಲ ಎರಡರಲ್ಲಿ ಒಂದು ಒಳ್ಳೆಯ ಉಪಾಯವಿತ್ತು. ಪೀಟರ್ ಪ್ಯಾನ್ ರೈಡಿನಲ್ಲಿ ಮೊದಲಿಗೆ ಪೀಟರ್‌ನ ಬೊಂಬೆಯೇ ಇರಲಿಲ್ಲ. ಸೂರಿನಿಂದ ಇಳಿಬಿಟ್ಟ ಹಡಗಿನಲ್ಲಿ ಕೂತು ರಾತ್ರಿಯ ಲಂಡನ್ ಮೇಲೆ ತೇಲುವ ನೀವೇ ಪೀಟರ್. ಟೋಡ್‌ನ ಕಾರಿನಲ್ಲಿ ಕೂತರೆ, ಅಡ್ಡಾದಿಡ್ಡಿ ಓಡಿಸಿ ಎಲ್ಲವನ್ನೂ ಗುದ್ದುತ್ತ ಹೋಗುವ ಟೋಡ್ ನೀವೇ. ನಾಯಕ ಎಲ್ಲಿ ಎಂದು ಜನ ಕೇಳತೊಡಗಿದ್ದರಿಂದ 1983ರಲ್ಲಿ ನವೀಕರಿಸುವಾಗ ಪೀಟರ್‌ನ ಬೊಂಬೆಯನ್ನು ತಂದಿಟ್ಟರು. ಜನರ ಪ್ರಶ್ನೆ ಸಹಜವೇ. ನನಗೆ ಮಾತ್ರ ಮೊದಲಿನ ಯೋಚನೆಯೇ ಹೆಚ್ಚು ಸರಿ ಅನ್ನಿಸುತ್ತದೆ. ಪುಸ್ತಕ ಓದುವಾಗ ನಾವು ನಾಯಕನನ್ನು ನೋಡುತ್ತ ಕೂತಿರುವುದಿಲ್ಲ. ಅವನ ಮೈಯೊಳಗೆ ಇರುತ್ತೇವೆ.

ಇದನ್ನು ಮರೆತಾಗ ಏನಾಗುತ್ತದೆ ಎನ್ನುವುದಕ್ಕೆ ಕೆಂಟ್ ಪ್ರಾಂತ್ಯದ ಚ್ಯಾಥಮ್ ಊರಿನ ಕಥೆ ಇದೆ. ಚಾರ್ಲ್ಸ್ ಡಿಕನ್ಸ್ ಬಾಲ್ಯದ ಕೆಲವು ವರ್ಷಗಳನ್ನು ಕಳೆದದ್ದು ಅಲ್ಲಿ. ಅವನ ತಂದೆ ಅಲ್ಲಿನ ನೌಕಾನೆಲೆಯ ಸಂಬಳದ ಕಚೇರಿಯಲ್ಲಿ ಗುಮಾಸ್ತ. ಹಡಗುಕಟ್ಟೆ ಮುಚ್ಚಿ ಮಂಕಾಗಿದ್ದ ಆ ಊರಿನಲ್ಲಿ 2007ರಲ್ಲಿ 6.2 ಕೋಟಿ ಪೌಂಡ್ ವೆಚ್ಚದಲ್ಲಿ ‘ಡಿಕನ್ಸ್ ವರ್ಲ್ಡ್’ ತೆರೆಯಿತು. ವಿಕ್ಟೋರಿಯಾ ಕಾಲದ ಬೀದಿ, ಶಾಲೆ, ಜೈಲು, ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಹೆಸರಿನ ಒಂದು ದೋಣಿ ಸವಾರಿ. ದೋಣಿ ಲಂಡನ್ನಿನ ಚರಂಡಿಗಳ ನಡುವೆ, ಮನೆಗಳ ಸೂರಿನ ಮೇಲೆ ಸಾಗುತ್ತಿತ್ತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. 2016ರಲ್ಲಿ ಅದು ಮುಚ್ಚಿಹೋಯಿತು.

ಬರೀ ರೈಡಿನಿಂದಾಗಿ ಮುಚ್ಚಿತು ಎಂದು ಹೇಳಲಾರೆ. ಆದರೆ ಆ ದೋಣಿಯ ಬಗ್ಗೆ ಯೋಚಿಸಿದಾಗೆಲ್ಲ ಬೇಸರವಾಗುತ್ತದೆ, ಏಕೆಂದರೆ ಆ ಕಾದಂಬರಿಯ ಆರಂಭದಲ್ಲೇ ರೈಡಿಗೆ ಹೇಳಿಮಾಡಿಸಿದ ಒಂದು ಗಳಿಗೆ ಇದೆ. ಜೌಗು ನೆಲದ ಪಕ್ಕದ ಚರ್ಚಿನ ಸ್ಮಶಾನದಲ್ಲಿ, ಅಪ್ಪ ಅಮ್ಮನ ಗೋರಿಗಳ ಬಳಿ ಪುಟ್ಟ ಪಿಪ್ ಒಬ್ಬನೇ ನಿಂತಿದ್ದಾನೆ. ಕಾಲಿಗೆ ಬೇಡಿ ಹಾಕಿಕೊಂಡ ಕೈದಿಯೊಬ್ಬ ಧುತ್ತನೆ ಎದ್ದು ಬಂದು ಅವನನ್ನು ಹಿಡಿದು ತಲೆಕೆಳಗು ಮಾಡಿ ಜೇಬು ಕೊಡವುತ್ತಾನೆ. ಡಿಕನ್ಸ್ ಆ ಕ್ಷಣವನ್ನು ಬರೆದಿರುವುದು ಹುಡುಗನ ಕಣ್ಣಿನಿಂದ: ಮಗುಚಿದ್ದು ತಾನಲ್ಲ, ಚರ್ಚು. ಗೋಪುರ ಅವನ ಕಾಲ ಕೆಳಗೆ ಬಂದುಬಿಡುತ್ತದೆ. ಅಷ್ಟೊಂದು ಕಟ್ಟಡ, ನೀರು, ಬಣ್ಣ ಯಾವುದೂ ಇಲ್ಲದೆ ಈ ಒಂದೇ ಕ್ಷಣವನ್ನು ನಿಮ್ಮ ಮೈಗೆ ಮುಟ್ಟಿಸಿದರೆ ಸಾಕಿತ್ತು, ಕಾದಂಬರಿ ಏನೆಂದು ಗೊತ್ತಾಗುತ್ತಿತ್ತು. ಒಬ್ಬ ಹುಡುಗನ ಲೋಕ ಕೈದಿಯೊಬ್ಬನ ಕೈಯಲ್ಲಿ ತಲೆಕೆಳಗಾಗುವ ಕಥೆಯೇ ಅದು.

ಆಲಿಸ್‌ಗೂ ಇಂಥದೇ ಅನ್ಯಾಯವಾಗಿದೆ. ಮೊಲದ ಬಿಲದೊಳಗೆ ಅವಳು ಬೀಳುವ ಪ್ರಸಂಗ ಎಂದರೆ ಸರ್ರನೆ ಕೆಳಗೆ ಜಾರಿಸುವ ರೈಡೇ ಎಲ್ಲರ ಮನಸ್ಸಿಗೆ ಬರುವುದು. ಪುಸ್ತಕದಲ್ಲಿ ಅವಳು ಬೀಳುವುದು ಎಷ್ಟು ನಿಧಾನವಾಗಿ ಎಂದರೆ, ದಾರಿಯ ಗೋಡೆಯಲ್ಲಿನ ಕಪಾಟಿನಿಂದ ಒಂದು ಜಾಡಿ ತೆಗೆದು, ಅದು ಖಾಲಿ ಎಂದು ನೋಡಿ, ಇನ್ನೊಂದು ಕಪಾಟಿನಲ್ಲಿ ಇಡುವಷ್ಟು ಸಮಯ ಅವಳಿಗಿದೆ. ಬೀಳುತ್ತಲೇ ತಾನೀಗ ಯಾವ ಅಕ್ಷಾಂಶ ರೇಖಾಂಶದಲ್ಲಿದ್ದೇನೋ ಎಂದು ಯೋಚಿಸುತ್ತಾಳೆ. ಅವಳಿಗೆ ಭಯಕ್ಕಿಂತ ಕುತೂಹಲ ಹೆಚ್ಚು. ಆ ಬೀಳುವಿಕೆಯನ್ನು ವೇಗ ಮಾಡಿದರೆ ಆಲಿಸ್ ಮಾಯವಾಗುತ್ತಾಳೆ. ಬರೀ ಕೂಗು ಉಳಿಯುತ್ತದೆ.

ಹ್ಯಾರಿ ಪಾಟರ್ ರೈಡುಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 2010ರಲ್ಲಿ ಒರ್ಲ್ಯಾಂಡೊದಲ್ಲಿ ಶುರುವಾದ ‘ಫರ್ಬಿಡನ್ ಜರ್ನಿ’ಯಲ್ಲಿ ನಾಲ್ಕು ಜನರ ಬೆಂಚನ್ನು ಒಂದು ರೋಬೋಟ್ ತೋಳು ಹಿಡಿದು ಎತ್ತಿ ತಿರುಗಿಸುತ್ತದೆ, ಕಾರು ಕಾರ್ಖಾನೆಗಳಲ್ಲಿ ಇರುವಂಥದೇ ತೋಳು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಅದ್ಭುತ. ಆದರೆ ಅಲ್ಲಿ ಕಾಣುವ ಕೋಟೆ, ಮುಖಗಳು, ಪೊರಕೆಗಳೆಲ್ಲ ಸಿನಿಮಾದವು.

ಈಗ ವೆಲ್ಸ್‌ನ ಪುಸ್ತಕಕ್ಕೆ ಬರೋಣ. ಇಲ್ಲಿ ಸವಾರಿಯನ್ನು ನಾವು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ. ಕಾಲಯಾನದ ಅನುಭವ ಹೇಗಿತ್ತು ಎಂದು ಕಥೆಯ ನಾಯಕನೇ ವಿವರಿಸುವಾಗ, ಆಗಿನ ಮೇಳಗಳಲ್ಲಿದ್ದ ಸ್ವಿಚ್‌ಬ್ಯಾಕ್ ರೈಲನ್ನು ನೆನೆಯುತ್ತಾನೆ. ಸ್ವಿಚ್‌ಬ್ಯಾಕ್ ಎಂದರೆ ರೋಲರ್ ಕೋಸ್ಟರಿನ ಹಿರಿಯಜ್ಜ. ಅಮೆರಿಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಅದನ್ನು ಓಡಿಸಿದ್ದ. ತಡೆಯಲಾಗದೆ ಮುನ್ನುಗ್ಗುವ, ಇನ್ನೇನು ಅಪ್ಪಳಿಸುತ್ತೇವೆ ಎನ್ನುವ ಆ ಹೊಟ್ಟೆಯ ತಳಮಳವನ್ನೇ 28 ವರ್ಷದ ವೆಲ್ಸ್ ಕಾಲಯಾನಕ್ಕೆ ಕೊಟ್ಟ. ಬೈಸಿಕಲ್ಲಿನ ಹಾಗೆ ಕೂರಲು ಒಂದು ಜೀನು, ಎರಡು ಸನ್ನೆಕೋಲುಗಳು, ನಿಕ್ಕಲ್, ದಂತ, ಸ್ಫಟಿಕದ ಭಾಗಗಳು, ಮುಂದೆ ನಾಲ್ಕು ಮುಳ್ಳುಗಳ ಫಲಕ: ಒಂದು ದಿನಗಳನ್ನು, ಒಂದು ಸಾವಿರ ದಿನಗಳನ್ನು, ಒಂದು ದಶಲಕ್ಷ ದಿನಗಳನ್ನು, ಇನ್ನೊಂದು ನೂರು ಕೋಟಿ ದಿನಗಳನ್ನು ಎಣಿಸುತ್ತದೆ.

ಇಷ್ಟಿದ್ದೂ ಆ ಯಂತ್ರ ಒಂದಿಂಚೂ ಕದಲುವುದಿಲ್ಲ. ಇದೇ ನನ್ನನ್ನು ಸೆಳೆದದ್ದು. ಲಂಡನ್ ಹೊರವಲಯದ ರಿಚ್ಮಂಡ್‌ನ ಪ್ರಯೋಗಶಾಲೆಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಕಾಲ ಓಡಿದಂತೆ ಮನೆ ಬಿದ್ದುಹೋಗುತ್ತದೆ, ಸುತ್ತ ಬೇರೆ ಕಟ್ಟಡಗಳು ಎದ್ದು ಕರಗುತ್ತವೆ, ಮರಗಳು ಹೊಗೆಯಂತೆ ಬೆಳೆದು ಇಲ್ಲವಾಗುತ್ತವೆ. ಹಗಲು ರಾತ್ರಿಗಳು ಬಡಿದುಕೊಳ್ಳುತ್ತ ಕೊನೆಗೆ ಒಂದೇ ನಸುಗತ್ತಲಾಗುತ್ತವೆ. ಸೂರ್ಯ ಆಕಾಶದಲ್ಲೊಂದು ಬೆಂಕಿಯ ಪಟ್ಟಿಯಾಗಿ, ಉತ್ತರಾಯಣ ದಕ್ಷಿಣಾಯನಗಳ ನಡುವೆ ಮೇಲೆ ಕೆಳಗೆ ತೂಗುತ್ತದೆ. ಬಿಳಿ ಹಿಮ ಮಿಂಚಿ ಮರೆಯಾದ ಹಿಂದೆಯೇ ವಸಂತದ ಹಸಿರು. ಪ್ರಪಂಚದ ಬಹುತೇಕ ರೈಡುಗಳು ನಮ್ಮನ್ನು ಎಲ್ಲಿಗೋ ಒಯ್ಯುತ್ತವೆ. ಇದರಲ್ಲಿ ನಾವು ಕೂತಿರುತ್ತೇವೆ, ಪ್ರಪಂಚ ಹೋಗುತ್ತದೆ.

ಅದನ್ನು ಮಾಡುವುದು ಸಾಧ್ಯವೇ? ಸಾಧ್ಯ, ಮತ್ತು ಆ ವಿದ್ಯೆ ಪುಸ್ತಕಕ್ಕಿಂತಲೂ ಹಳೆಯದು. ನಿಲ್ದಾಣದಲ್ಲಿ ನಿಂತ ರೈಲಿನ ಕಿಟಕಿಯಿಂದ ನೋಡುತ್ತಿರುವಾಗ ಪಕ್ಕದ ಹಳಿಯ ರೈಲು ಹೊರಟರೆ, ಹೊರಟಿದ್ದು ನಮ್ಮದೇ ಎಂದು ಮೈ ನಂಬಿಬಿಡುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಕಣ್ಣಿನ ತುಂಬ ಇರುವ ದೃಶ್ಯ ಒಟ್ಟಾಗಿ ಚಲಿಸಿದರೆ, ಚಲಿಸುತ್ತಿರುವುದು ತಾನೇ ಎಂದು ಮೆದುಳು ತೀರ್ಮಾನಿಸುತ್ತದೆ. ಅಮರಾಯ ಲೇಕ್ ಎಂಬ ಅಮೆರಿಕನ್ 1893ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಒಂದು ಕೋಣೆ, ನಡುವೆ ದೊಡ್ಡ ಉಯ್ಯಾಲೆ. ಉಯ್ಯಾಲೆ ಅಲುಗುವುದು ಸ್ವಲ್ಪವೇ. ಮೇಜು ಕುರ್ಚಿಗಳನ್ನು ನೆಲಕ್ಕೆ ಬಿಗಿದ ಕೋಣೆಯೇ ಅದರ ಸುತ್ತ ಉರುಳುತ್ತದೆ. ಕೂತವರು ತಾವೇ ಮಗುಚಿ ಬೀಳುತ್ತೇವೆಂದು ಆಸನವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ 2000ದಲ್ಲಿ ಶುರುವಾದ ‘ಹೆಕ್ಸ್’ ನಡೆಯುವುದು ಇದೇ ತತ್ತ್ವದ ಮೇಲೆ. ಪಿಪ್‌ನ ಚರ್ಚನ್ನು ಮಗುಚಲಿಕ್ಕೂ ಇದೇ ಸಾಕಿತ್ತು.

ನನ್ನ ರೈಡ್ ಒಂದು ಊಟದ ಕೋಣೆಯಿಂದ ಶುರುವಾಗುತ್ತದೆ. ಪುಸ್ತಕದಲ್ಲಿ ಕಾಲಯಾನಿ ಮೊದಲು ಅತಿಥಿಗಳ ಎದುರು ಯಂತ್ರದ ಒಂದು ಪುಟ್ಟ ಮಾದರಿಯನ್ನು ಮೇಜಿನ ಮೇಲಿಟ್ಟು, ಅತಿಥಿಯೊಬ್ಬನ ಬೆರಳಿನಿಂದಲೇ ಸನ್ನೆ ಒತ್ತಿಸುತ್ತಾನೆ. ಗಾಳಿಯೊಂದು ಸುಳಿದು, ಒಂದು ಮೇಣದಬತ್ತಿ ಆರಿ, ಮಾದರಿ ಮಸುಕಾಗಿ ಮಾಯವಾಗುತ್ತದೆ. ಸಾಲಿನಲ್ಲಿ ಬಂದ ಇಪ್ಪತ್ತು ಮೂವತ್ತು ಜನರಲ್ಲಿ ಒಂದು ಮಗುವನ್ನು ಕರೆದು ಆ ಸನ್ನೆ ಒತ್ತಲು ಹೇಳಬೇಕು. ಮಾಯವಾಗಿಸಲು ಹಳೆಯ ‘ಪೆಪ್ಪರ್ಸ್ ಗೋಸ್ಟ್’ ಸಾಕು. ಓರೆಯಾಗಿ ನಿಲ್ಲಿಸಿದ ಗಾಜು, ಅದರಲ್ಲಿ ಮೂಡುವ ಪ್ರತಿಬಿಂಬ, ಏರಿಸಿ ಇಳಿಸಬಹುದಾದ ಬೆಳಕು, ಇಷ್ಟೇ ಅದರ ಸಾಮಗ್ರಿ. ಜಾನ್ ಹೆನ್ರಿ ಪೆಪ್ಪರ್ ಅದನ್ನು ಲಂಡನ್ನಿನಲ್ಲಿ ಮೊದಲು ತೋರಿಸಿದ್ದು 1862ರ ಕ್ರಿಸ್‌ಮಸ್ ಹಿಂದಿನ ಸಂಜೆ, ಅದೂ ಡಿಕನ್ಸ್‌ನ ‘ದಿ ಹಾಂಟೆಡ್ ಮ್ಯಾನ್’ ಕಥೆಯ ದೃಶ್ಯದೊಂದಿಗೆ.

ಆಮೇಲೆ ಪ್ರಯೋಗಶಾಲೆ. ಒಂದು ದುಂಡನೆಯ ಕೋಣೆಯ ನಡುವೆ ಹಿತ್ತಾಳೆಯ ಕಂಬಿಗಳಿರುವ ಆಸನಗಳು. ಆಸನಗಳಿಗೆ ಪಾಲ್ ಹೇಳಿದಷ್ಟೇ ಓಲಾಟ, ಮುಖಕ್ಕೆ ಗಾಳಿ. ಕೋಣೆಯ ಗೋಡೆ ಪೂರ್ತಿ ಪರದೆ. ಸೂರ್ಯನನ್ನು ಮಾತ್ರ ಪರದೆಗೆ ಬಿಡದೆ, ನೆತ್ತಿಯ ಮೇಲೆ ಕಮಾನಿನಲ್ಲಿ ಓಡುವ ನಿಜವಾದ ದೀಪವಾಗಿ ಮಾಡಬೇಕು. ಆಗ ನಮ್ಮ ಕೈಯ ನೆರಳೇ ಮಡಿಲಲ್ಲಿ ಸರಿಯುತ್ತ, ಸುತ್ತುತ್ತ, ಮಸುಕಾಗುತ್ತ ಹೋಗುತ್ತದೆ. ಕಣ್ಣು ‘ಹೋಗುತ್ತಿದ್ದೇವೆ’ ಅನ್ನುತ್ತದೆ, ಒಳಗಿವಿಯ ಸಮತೋಲನದ ಅಂಗ ‘ಇಲ್ಲ, ಕೂತಿದ್ದೇವೆ’ ಅನ್ನುತ್ತದೆ. ಈ ಜಗಳದಿಂದಲೇ ಹಲವರಿಗೆ ವಾಕರಿಕೆ ಬರುವುದು. ಕಣ್ಣೆದುರು ಕದಲದ ಒಂದು ವಸ್ತುವಿದ್ದರೆ ಅದು ತಗ್ಗುತ್ತದೆ. ಹಿತ್ತಾಳೆಯ ಕಂಬಿಯೂ ನಾಲ್ಕು ಮುಳ್ಳುಗಳ ಫಲಕವೂ ಆ ಕೆಲಸ ಮಾಡುತ್ತವೆ. ದಿನಗಳ ಮುಳ್ಳು ಕಾಣದಷ್ಟು ವೇಗದಲ್ಲಿ ತಿರುಗುವಾಗ ಮುಂದಿನ ಮುಳ್ಳು ಎದ್ದು ನಡೆಯಲು ಶುರುಮಾಡುವುದನ್ನು ನೋಡುವುದೇ ಒಂದು ರೋಮಾಂಚನ.

ಯಂತ್ರ ನಿಲ್ಲುವುದು ಕ್ರಿ.ಶ. 8,02,701ರಲ್ಲಿ. ಇಲ್ಲಿ ಬೇರೆಯವರು ಮಾಡುವುದೇನೆಂದು ಊಹಿಸಬಲ್ಲೆ: ನೆಲದಡಿಯ ಮಾರ್ಲಾಕ್‌ಗಳು ಕೆಂಪು ಕಣ್ಣು ಬಿಟ್ಟು ಹಾರಿಬರುತ್ತವೆ, ಜನ ಚೀರುತ್ತಾರೆ. ವೆಲ್ಸ್ ಕಂಡದ್ದು ಅದಕ್ಕಿಂತ ಗಂಭೀರ. ಭವಿಷ್ಯದ ಮನುಷ್ಯರು ಎರಡು ಜೀವಿಗಳಾಗಿ ಒಡೆದಿದ್ದಾರೆ. ಮೇಲೆ ಬಿಸಿಲಿನಲ್ಲಿ ಎಲಾಯ್‌ಗಳು. ಚೆಲುವಾದ, ಮಗುವಿನಂಥ ಜನ. ಹಣ್ಣು ತಿಂದು, ಹೂ ಮುಡಿದು, ಆಡಿ ಮಲಗುತ್ತಾರೆ. ಕೆಳಗೆ ಕತ್ತಲಲ್ಲಿ ಯಂತ್ರಗಳನ್ನು ನಡೆಸುವ ಮಾರ್ಲಾಕ್‌ಗಳು. ಒಂದು ಕಾಲದ ಸಿರಿವಂತರ ಸಂತತಿ ಮೇಲಿನದು, ಕಾರ್ಮಿಕರ ಸಂತತಿ ಕೆಳಗಿನದು. ಕೆಳಗಿನವರು ಮೇಲಿನವರಿಗೆ ಬಟ್ಟೆ ಒದಗಿಸುತ್ತಾರೆ, ಅಮಾವಾಸ್ಯೆಯ ರಾತ್ರಿಗಳಲ್ಲಿ ಅವರನ್ನೇ ತಿನ್ನುತ್ತಾರೆ.

ಈ ಕಲ್ಪನೆ ಬಂದದ್ದು ಎಲ್ಲಿಂದ ಎನ್ನುವುದಕ್ಕೆ ಒಂದು ಮನೆಯತ್ತ ನೋಡಬೇಕು. ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಬಂಗಲೆಯಲ್ಲಿ ವೆಲ್ಸ್‌ನ ತಾಯಿ ಸಾರಾ 1880ರಿಂದ 1893ರವರೆಗೆ ಮನೆವಾರ್ತೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಕೆಲಸದವರ ಬದುಕು ಅಲ್ಲಿ ನೆಲಮಾಳಿಗೆಯಲ್ಲಿ. ಅಡುಗೆಮನೆಗೂ ಲಾಯಕ್ಕೂ ಹೋಗಿಬರಲು ನೆಲದಡಿಯಲ್ಲಿ ಸುರಂಗಗಳು, ಅವುಗಳಿಗೆ ಅಲ್ಲಲ್ಲಿ ಮೇಲಿನಿಂದ ಗಾಳಿ ಬೆಳಕಿನ ಕಿಂಡಿಗಳು. ಮಾಲೀಕರು ಹುಲ್ಲುಹಾಸಿನ ಮೇಲೆ ಓಡಾಡುವಾಗ ಆಳುಗಳು ಅವರ ಕಣ್ಣಿಗೆ ಬೀಳದೆ ಕಾಲಡಿಯಲ್ಲೇ ಓಡಾಡುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಅಪ್ರೆಂಟಿಸ್ ಆಗಿ ಬೇಸತ್ತ ಹುಡುಗ ವೆಲ್ಸ್ ಬಂದು ಉಳಿಯುತ್ತಿದ್ದುದು ಈ ಮನೆಯಲ್ಲಿ. ‘ಗಲಿವರ್ಸ್ ಟ್ರಾವೆಲ್ಸ್’ ಅನ್ನೂ ಪ್ಲೇಟೋವನ್ನೂ ಓದಿದ್ದು ಇಲ್ಲಿನ ಗ್ರಂಥಾಲಯದಲ್ಲಿ. ಕಾದಂಬರಿಯಲ್ಲಿ ಹುಲ್ಲುಗಾವಲಿನ ನಡುವೆ ನೀರಿಲ್ಲದ ಬಾವಿಗಳಿವೆ. ಕಿವಿಯಿಟ್ಟರೆ ಆಳದಿಂದ ಯಂತ್ರಗಳ ದಡ್ ದಡ್ ಸದ್ದು ಕೇಳಿಸುತ್ತದೆ. ಆ ಸದ್ದು ಅಪ್‌ಪಾರ್ಕ್‌ನಿಂದಲೇ ಬಂದದ್ದೆಂದು ನನಗನ್ನಿಸುತ್ತದೆ.

ಫ್ಲಾರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಕೂಡ ಕಟ್ಟಿರುವುದು ಸುರಂಗಗಳ ಮೇಲೆಯೇ. ನೀರಿನ ಮಟ್ಟ ಮೇಲಿರುವ ಜೌಗು ಪ್ರದೇಶವಾದ್ದರಿಂದ ಸುರಂಗಗಳನ್ನು ನೆಲದ ಮಟ್ಟದಲ್ಲಿ ಕಟ್ಟಿ, ಪಾರ್ಕನ್ನು ಅದರ ಮೇಲಿನ ಅಂತಸ್ತಿನಲ್ಲಿ ಮಾಡಿದರು. ವೇಷ ಹಾಕಿದವರು, ಅಡುಗೆಯವರು, ಕಸ ತೆಗೆಯುವವರು ಸಂದರ್ಶಕರಿಗೆ ಕಾಣದೆ ಅಲ್ಲಿ ಓಡಾಡುತ್ತಾರೆ. ಅದರ ಉದ್ದೇಶ ಒಳ್ಳೆಯದೇ, ಮಕ್ಕಳ ಕಣ್ಣಲ್ಲಿ ಕನಸು ಮುರಿಯಬಾರದು ಎಂದು. ಆದರೂ ವೆಲ್ಸ್‌ನ ಪುಸ್ತಕ ಓದಿ ಆ ನಕಾಶೆ ನೋಡಿದವರಿಗೆ ಮೈ ಜುಮ್ಮೆನ್ನದೆ ಇರದು. ಥೀಮ್ ಪಾರ್ಕ್ ಎಂಬುದೇ ಒಂದು ಎಲಾಯ್ ತೋಟ. ಟಿಕೆಟ್ ಕೊಂಡ ನಾವು ದಿನವಿಡೀ ಹಣ್ಣು ತಿಂದು ಆಡುವವರು.

ಹಾಗಾಗಿ ನನ್ನ ರೈಡಿನಲ್ಲಿ ಮಾರ್ಲಾಕ್‌ಗಳು ಹಾರಿಬರುವುದಿಲ್ಲ. ಎಲಾಯ್‌ಗಳ ಬಿಸಿಲಿನ ತೋಟದಲ್ಲಿ ಜನರನ್ನು ಇಳಿಸಿ ನಡೆಸಬೇಕು. ನಡೆಯುವಾಗ ಅಂಗಾಲಿಗೆ ಒಂದು ಕಂಪನ ತಾಗಬೇಕು, ಮೊದಲು ಅನುಮಾನ ಬರುವಷ್ಟು, ಆಮೇಲೆ ಖಚಿತವಾಗುವಷ್ಟು. ತೋಟದ ನಡುವಿನ ಬಾವಿಗೆ ಬಗ್ಗಿ ನೋಡಿದರೆ ಕಾಣುವುದು ಬಣ್ಣ ಬಳಿದ ರಾಕ್ಷಸನಲ್ಲ. ಗಾಜಿನ ಕೆಳಗೆ ಈ ರೈಡನ್ನೇ ನಡೆಸುತ್ತಿರುವ ಮೋಟಾರುಗಳು, ತಂತಿಗಳು, ಅವುಗಳ ನಡುವೆ ಕೆಲಸ ಮಾಡುತ್ತಿರುವ ನಿಜವಾದ ತಂತ್ರಜ್ಞರು. ಅವರಲ್ಲೊಬ್ಬರು ತಲೆಯೆತ್ತಿ ನಮ್ಮತ್ತ ನೋಡಿದರೆ ನೋಡಲಿ. ನಾವೂ ಅವರನ್ನು ನೋಡೋಣ. ಅವರನ್ನು ಭೂತದಂತೆ ತೋರಿಸಿದರೆ ಅದು ಅವರಿಗೆ ಮಾಡುವ ಅವಮಾನ. ಅವರ ಹೆಸರು, ಅವರ ಕೆಲಸ ಏನೆಂಬುದು ಬಾವಿಯ ಕಟ್ಟೆಯ ಮೇಲೆ ಬರೆದಿರಲಿ. ರೈಡಿನ ಎಲ್ಲ ಖರ್ಚಿನಲ್ಲಿ ನಾನು ಬಿಟ್ಟುಕೊಡಲಾರದ ಭಾಗ ಇದೊಂದೇ.

ತೋಟದಿಂದ ಮತ್ತೆ ಆಸನಕ್ಕೆ ಬಂದರೆ ಕೊನೆಯ ಜಿಗಿತ, ಮೂರು ಕೋಟಿ ವರ್ಷ ಮುಂದೆ. ಭೂಮಿ ತಿರುಗುವುದನ್ನು ನಿಲ್ಲಿಸಿದೆ, ಆಕಾಶದ ಒಂದು ಭಾಗವನ್ನೇ ತುಂಬಿಕೊಂಡು ಕೆಂಪು ಸೂರ್ಯ ನಿಂತಿದೆ, ಕಡಲು ಸತ್ತಿದೆ. ಇಲ್ಲಿ ಸಂಗೀತ, ನಿರೂಪಣೆ ಯಾವುದೂ ಬೇಡ. ಕೋಣೆಯನ್ನು ನಿಜವಾಗಿಯೂ ಚಳಿ ಹಿಡಿಯುವಷ್ಟು ತಣ್ಣಗೆ ಮಾಡಿ, ಅರ್ಧ ನಿಮಿಷ ಪೂರ್ತಿ ಮೌನ. ಗಂಟೆಗೆ ಸಾವಿರಕ್ಕೂ ಹೆಚ್ಚು ಜನರನ್ನು ಹತ್ತಿಸಿ ಇಳಿಸಬೇಕಾದ ಪಾರ್ಕಿನವರಿಗೆ ಅರ್ಧ ನಿಮಿಷ ದುಬಾರಿ. ಆದರೂ ಹಠ ಹಿಡಿಯಬೇಕು. ಅಷ್ಟು ದೊಡ್ಡ ಕಾಲವನ್ನು ಮೈಗೆ ತಿಳಿಸಲು ಬೇರೆ ದಾರಿ ನನಗೆ ತೋರುವುದಿಲ್ಲ.

ಹಕ್ಕಿನ ತೊಡಕೂ ಇಲ್ಲ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಎಂಬ ನಮ್ಮ ಕಾನೂನಿನಂತೆ ಭಾರತದಲ್ಲಿ 2007ರಿಂದ, 70 ವರ್ಷದ ಲೆಕ್ಕದಂತೆ ಬ್ರಿಟನ್ನಿನಲ್ಲಿ 2017ರಿಂದ ಆ ಪುಸ್ತಕ ಎಲ್ಲರದು. ಪೀಟರ್ ಪ್ಯಾನ್ ಹಾಗಲ್ಲ. ಬ್ಯಾರಿ ಅದರ ಹಕ್ಕನ್ನು 1929ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಬರೆದುಕೊಟ್ಟ. ಬ್ರಿಟನ್ನಿನಲ್ಲಿ ಅದರ ಗೌರವಧನ ಇವತ್ತಿಗೂ ಆಸ್ಪತ್ರೆಗೆ ಸೇರಬೇಕೆಂದು 1988ರ ಕಾಯ್ದೆಯೇ ಹೇಳುತ್ತದೆ. ಅದೊಂದು ಸುಂದರ ಏರ್ಪಾಡು. ಕಾಲಯಂತ್ರಕ್ಕಾದರೆ ಯಾರ ಅನುಮತಿಯೂ ಬೇಕಿಲ್ಲ, ಕೋಟಿಗಟ್ಟಲೆ ದುಡ್ಡೂ ಬೇಕಿಲ್ಲ. ಲೇಕ್ ತನ್ನ ಕೋಣೆಯನ್ನು ಉರುಳಿಸಿದ್ದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ನಮ್ಮ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಹುಡುಗ ಹುಡುಗಿಯರು ಇದರ ಒಂದು ಸಣ್ಣ ಮಾದರಿಯನ್ನು ಮಾಡಬಲ್ಲರು: ದುಂಡಗೆ ಕಟ್ಟಿದ ಬಿಳಿ ಬಟ್ಟೆ, ಎರಡು ಪ್ರೊಜೆಕ್ಟರ್, ಸ್ಪ್ರಿಂಗ್ ಮೇಲೆ ನಿಲ್ಲಿಸಿದ ಒಂದು ಬೆಂಚು, ಒಂದು ಫ್ಯಾನು, ಕಮಾನಿನ ಕಂಬಿಯ ಮೇಲೆ ಮೋಟಾರಿನಿಂದ ಓಡುವ ಒಂದು ದೀಪ. ಮೊದಲು ಆ ದೀಪದಿಂದ ಶುರುಮಾಡಿ ಎಂದು ಅವರಿಗೆ ಹೇಳುತ್ತೇನೆ. ನೆರಳು ಸರಿಯಾಗಿ ಓಡಿದರೆ ಉಳಿದದ್ದನ್ನು ಒಂದೊಂದಾಗಿ ಜೋಡಿಸಿಕೊಳ್ಳಬಹುದು.